ಕಿವಿಯಿಂದ ಕಣ್ಣಿಗೆ: ಹಳೆಯ ಕಾವ್ಯ ಹಿಡಿದು ಮನೆಯಲ್ಲೇ ಓದು ಕಲಿಸುವುದು

ಮಗುವಿಗೆ ಅಕ್ಷರಮಾಲೆ ಬಂತು. ಕಾಗುಣಿತ ಬಂತು. ಒತ್ತಕ್ಷರವೂ ಅಷ್ಟಿಷ್ಟು ಬಂತು. ಆದರೂ ಪುಸ್ತಕ ಕೈಗೆ ಕೊಟ್ಟರೆ ಎರಡು ಸಾಲು ಓದಿ ಪಕ್ಕಕ್ಕಿಡುತ್ತದೆ. ಮಕ್ಕಳಿಗೆ ಮನೆಯಲ್ಲೇ ಕಲಿಸುವವರು ಒಟ್ಟು ಸೇರಿದಾಗ ಈ ಮಾತು ಬಂದೇ ಬರುತ್ತದೆ.

ಇದಕ್ಕೆ ಕಾರಣ ನಮ್ಮ ಲಿಪಿಯಲ್ಲೇ ಇದೆ ಅಂತ ನನಗನ್ನಿಸುತ್ತದೆ. ಕನ್ನಡ ಹೆಚ್ಚುಕಡಿಮೆ ಬರೆದ ಹಾಗೇ ಓದುವ ಭಾಷೆ. 49 ಅಕ್ಷರ, ಕಾಗುಣಿತ, ಒತ್ತು ಇಷ್ಟು ಗೊತ್ತಾದರೆ ಯಾವ ಪದವನ್ನು ಬೇಕಾದರೂ ಬಾಯಿಬಿಟ್ಟು ಹೇಳಬಹುದು, ಅರ್ಥ ಗೊತ್ತಿಲ್ಲದಿದ್ದರೂ. ಹಾಗಾಗಿ ಮಗು ಓದುತ್ತಿದೆ ಅಂತ ನಮಗೆ ಬೇಗ ಅನ್ನಿಸಿಬಿಡುತ್ತದೆ. ಆದರೆ ಮನೆಯಲ್ಲಿ ಅದು ಕೇಳಿರುವುದು 'ಬರ್ತೀನಿ', 'ಹೋಗ್ಬೇಡ', 'ಕೊಟ್ಬಿಡು'. ಪುಸ್ತಕದಲ್ಲಿ ಇರುವುದು 'ಬರುತ್ತೇನೆ', 'ಹೋಗಬೇಡ', 'ಕೊಟ್ಟುಬಿಡು'. ಕತೆಯೋ ಪದ್ಯವೋ ಆದರೆ 'ಬರುವೆನು', 'ಬಂದಿಹನು' ಕೂಡ ಸೇರುತ್ತವೆ. ಆ ಮಾತಿನ ನಡಿಗೆ ಕಿವಿಗೆ ಬಿದ್ದೇ ಇಲ್ಲ ಅಂದಮೇಲೆ ಕಣ್ಣಿಗೆ ಬಿದ್ದು ಏನು ಪ್ರಯೋಜನ?

ನಾನು ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಾಯಿ. ಮಗಳು ದೊಡ್ಡವಳು, ಪುಸ್ತಕ ಸಿಕ್ಕರೆ ಊಟ ಮರೆಯುವ ಜಾತಿ. ಮಗ ಚಿಕ್ಕವನು, ಕೂತಲ್ಲಿ ಕೂರುವವನಲ್ಲ. ಇಬ್ಬರಿಗೂ ಓದು ಹತ್ತಿದ್ದು ಹಳೆಯ ಸಾಹಿತ್ಯದಿಂದ. ನಮ್ಮ ಹಳೆಯ ಕಾವ್ಯಗಳು ಹುಟ್ಟಿದ್ದೇ ಗಟ್ಟಿಯಾಗಿ ಹೇಳಿ ಕೇಳಿಸುವುದಕ್ಕೆ. ಕಿವಿಗಾಗಿ ಕವಿ ಮಾಡಿಟ್ಟ ಅನುಕೂಲಗಳು ಓದು ಕಲಿಯುವ ಕಣ್ಣಿಗೂ ಒದಗುತ್ತವೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಪುಸ್ತಕ ತೆಗೆಯಬೇಡಿ

ಗೋವಿನ ಹಾಡಿನಿಂದ ಶುರು ಮಾಡಿ. ಯಾರು ಬರೆದರು ಅಂತ ಗೊತ್ತಿಲ್ಲದ ಜನಪದ ಕಥನಗೀತೆ ಅದು. ಕಾಳಿಂಗ ಅನ್ನುವ ಗೊಲ್ಲ, ಪುಣ್ಯಕೋಟಿ ಹಸು, ಅರ್ಬುತ ಅನ್ನುವ ಹುಲಿ. ಕತೆ ನಿಮಗೂ ಗೊತ್ತು, ರಾಗವೂ ಗೊತ್ತು. ಮೊದಲ ಒಂದು ವಾರ ಸುಮ್ನೆ ಹಾಡಿ. ದಿನಕ್ಕೆ ಎರಡು ಸಲ, ಪುಸ್ತಕ ಇಲ್ಲದೆ. ಅರ್ಥ ಬಿಡಿಸಿ ಹೇಳಲು ಹೋಗಬೇಡಿ. ಕೇಳಿದರೆ ಮಾತ್ರ ಹೇಳಿ.

ಎರಡನೇ ವಾರ ಪಾತ್ರ ಹಂಚಿ. ನಮ್ಮ ಮನೆಯಲ್ಲಿ ಮಗ ಹುಲಿ ಬಿಟ್ಟು ಬೇರೇನೂ ಆಗಲು ಒಪ್ಪುತ್ತಿರಲಿಲ್ಲ. ಹುಲಿಯ ಮಾತೆಲ್ಲ ಅವನಿಗೆ ಬಾಯಿಗೆ ಬಂದಿದ್ದು ಹಾಗೇ. ಬಾಯಿಗೆ ಬಂದಮೇಲೆ, ಅದಕ್ಕೂ ಮೊದಲು ಖಂಡಿತ ಅಲ್ಲ, ಹಾಳೆ ತೋರಿಸಿ.

ಹಾಳೆ ಅಂದೆ, ಪುಸ್ತಕ ಅನ್ನಲಿಲ್ಲ. ಒಂದು ಪದ್ಯಕ್ಕೆ ಒಂದು ಹಾಳೆ. ನೀವೇ ಕೈಯಲ್ಲಿ ದೊಡ್ಡದಾಗಿ, ಸಾಲುಗಳ ನಡುವೆ ಬೆರಳು ಓಡಾಡುವಷ್ಟು ಜಾಗ ಬಿಟ್ಟು ಬರೆಯಿರಿ. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ ಅಲ್ವಾ, ಅಚ್ಚಿನ ಪುಸ್ತಕದ ಇಕ್ಕಟ್ಟಿನಲ್ಲಿ ಅವು ಕೆಳಗಿನ ಸಾಲಿನ ಕೊಂಬಿಗೆ ತಗಲಿಕೊಂಡಂತೆ ಕಾಣುತ್ತವೆ. ಚಿಕ್ಕ ಕಣ್ಣಿಗೆ ಇದು ದೊಡ್ಡ ತೊಡಕು.

ಮೊದಲ ಹಾಳೆಗೆ ಗೊಲ್ಲ ಹಸುಗಳನ್ನು ಕರೆಯುವ ಭಾಗ ತುಂಬ ಒಳ್ಳೆಯದು. 'ಗಂಗೆ ಬಾರೇ ಗೌರಿ ಬಾರೇ' ಅಂತ ಶುರುವಾಗುತ್ತದೆ. 'ಬಾರೇ' ಮತ್ತೆ ಮತ್ತೆ ಬರುತ್ತದೆ, ಅದೂ ಮನೆಯಲ್ಲಿ ಆಡುವ ಮಾತಿನ ಹಾಗೇ. ಮಗು ಹಾಡುತ್ತ ಬೆರಳು ಓಡಿಸಲಿ. ಇದು ಓದಲ್ಲ, ಬಾಯಿಪಾಠ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಬಾಯಲ್ಲಿರುವ ಪದ ಕಾಗದದ ಮೇಲೆ ಎಲ್ಲಿದೆ ಅಂತ ಹುಡುಕುವುದೇ ಈ ಹಂತದ ಕೆಲಸ. ಹಾಡಿದ ಮೇಲೆ ನಡುವಿನ ಒಂದು ಪದಕ್ಕೆ ಬೆರಳಿಟ್ಟು 'ಇದೇನು?' ಅಂತ ಕೇಳಿ. ಮೊದಮೊದಲು ಸಾಲಿನ ಆರಂಭದಿಂದ ಹಾಡಿಕೊಂಡು ಅಲ್ಲಿಗೆ ಬರುತ್ತದೆ. ಕೆಲವು ದಿನಕ್ಕೆ ನೇರವಾಗಿ ಹೇಳುತ್ತದೆ.

ಪ್ರಾಸ ಹೇಗೆ ಓದು ಕಲಿಸುತ್ತದೆ

ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಈ ಸಾಲುಗಳನ್ನು ನೋಡಿ:

ಮುಂದೆ ಬಂದರೆ ಹಾಯಬೇಡಿ
ಹಿಂದೆ ಬಂದರೆ ಒದೆಯಬೇಡಿ
ಕಂದ ನಿಮ್ಮವನೆಂದು ಕಾಣಿರಿ

ಕೇಳುವವರಿಗೆ ಗಂಟಲು ಕಟ್ಟುವ ಜಾಗ ಇದು. ಓದು ಕಲಿಸುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮುಂದೆ, ಹಿಂದೆ, ಕಂದ. ಪ್ರತಿ ಸಾಲಿನ ಮೊದಲ ಪದದಲ್ಲೂ ಸೊನ್ನೆ, ಅದರ ಹಿಂದೆ ದಕಾರ. ನಡುವೆ ಎರಡು ಸಲ 'ಬಂದರೆ', ಕೊನೆಯಲ್ಲಿ 'ನಿಮ್ಮವನೆಂದು'. ಮೂರೇ ಸಾಲಿನಲ್ಲಿ ಸೊನ್ನೆ-ದಕಾರದ ಜೋಡಿ ಆರು ಸಲ ಬಂತು. ಒತ್ತಕ್ಷರ ಇರುವುದು ಒಂದೇ ಕಡೆ, 'ನಿಮ್ಮ'ದಲ್ಲಿ. ಅನುಸ್ವಾರ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾನಂತೂ ಯಾವ ಕಲಿಕೆಯ ಪುಸ್ತಕದಲ್ಲೂ ಕಂಡಿಲ್ಲ.

ಇದು ಆಕಸ್ಮಿಕ ಅಲ್ಲ. ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು ಅನ್ನುವುದು ನಮ್ಮ ಹಳೆಯ ಪದ್ಯಗಳ ಕಟ್ಟು. ಆದಿಪ್ರಾಸ, ದ್ವಿತೀಯಾಕ್ಷರ ಪ್ರಾಸ ಅಂತೆಲ್ಲ ಕರೆಯುತ್ತಾರೆ. ಪ್ರಾಸ ಸಾಲಿನ ಕೊನೆಯಲ್ಲಿದ್ದರೆ ಮಗು ಅಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಕನ್ನಡದಲ್ಲಿ ಅದು ಸಾಲಿನ ಬಾಗಿಲಲ್ಲೇ ನಿಂತಿರುತ್ತದೆ. ಮೊದಲ ಸಾಲಿನ ಎರಡನೇ ಅಕ್ಷರ ಗೊತ್ತಾಯಿತು ಅಂದರೆ ಉಳಿದ ಸಾಲುಗಳ ಆರಂಭ ಅರ್ಧ ಗೊತ್ತಾದಂತೆಯೇ.

ಮಾಡಬೇಕಾದದ್ದು ಇಷ್ಟು. ಬಣ್ಣದ ಪೆನ್ಸಿಲ್ ಕೊಟ್ಟು ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಸುತ್ತು ಹಾಕಲು ಹೇಳಿ. ಅಷ್ಟೇ. ಏನು ಕಾಣುತ್ತದೆ ಅಂತ ನೀವು ಹೇಳಬೇಡಿ. ಅದು ತಾನಾಗಿ ಕಂಡುಹಿಡಿಯಲಿ. ನನ್ನ ಮಗ 'ಅಮ್ಮಾ, ಎಲ್ಲ ಒಂದೇ!' ಅಂತ ಕೂಗಿದ ಮೇಲೆ ಸಿಕ್ಕ ಸಿಕ್ಕ ಪದ್ಯಕ್ಕೆಲ್ಲ ಸುತ್ತು ಹಾಕಿದ. ಪ್ರಾಸ ತಪ್ಪಿದ ಸಾಲು ಸಿಕ್ಕರೆ ಅವನಿಗೆ ಇನ್ನೂ ಖುಷಿ.

ಅರ್ಕಾವೊತ್ತಿಗೆ ಸರ್ವಜ್ಞ

ಒತ್ತಕ್ಷರಗಳಲ್ಲಿ ಎಲ್ಲವೂ ಸಮ ಕಷ್ಟ ಅಲ್ಲ. ಕ, ಗ, ಚ, ಡ, ಬ ಇವುಗಳ ಒತ್ತು ಮೂಲ ಅಕ್ಷರದ ಹಾಗೇ ಇರುತ್ತದೆ, ಹೆಚ್ಚೆಂದರೆ ತಲೆಕಟ್ಟು ಇರುವುದಿಲ್ಲ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲದ ಹಾಗೆ ಕಾಣುವುದಿಲ್ಲ. ಈ ಆರನ್ನು ಬೇರೆಯಾಗಿಯೇ ಕಲಿಸಬೇಕು.

ಎಲ್ಲಕ್ಕಿಂತ ಕಾಡುವುದು ಅರ್ಕಾವೊತ್ತು. 'ಸರ್ವ' ಅನ್ನುವಾಗ ಬಾಯಲ್ಲಿ ಮೊದಲು ಬರುವುದು ರ್, ಆಮೇಲೆ ವ. ಕಾಗದದ ಮೇಲೆ ಮೊದಲು ಕಾಣುವುದು ವ, ಆಮೇಲೆ ಅರ್ಕಾವೊತ್ತು. ಮಕ್ಕಳು 'ಸವ್ರ' ಅಂತ ಓದುವುದು ಅದಕ್ಕೇ. ಅವರು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದ್ದಾರೆ. ಬೈಯುವಂಥದ್ದು ಏನೂ ಇಲ್ಲ.

ಇಲ್ಲಿ 'ಸರ್ವಜ್ಞನೆಂಬುವನು ಗರ್ವದಿಂದಾದವನೆ' ಅನ್ನುವ ತ್ರಿಪದಿ ತೆಗೆದುಕೊಳ್ಳಿ. ಸರ್ವ, ಗರ್ವ, ಪರ್ವತ. ಪ್ರಾಸಕ್ಕಾಗಿ ಪ್ರತಿ ಸಾಲೂ ಅರ್ಕಾವೊತ್ತಿನಿಂದಲೇ ಶುರುವಾಗುತ್ತದೆ. ಮೂರೇ ಸಾಲು, ಅರ್ಧ ಗಂಟೆಯಲ್ಲಿ ಬಾಯಿಗೆ ಬರುತ್ತದೆ. ಬಾಯಿಗೆ ಬಂದದ್ದನ್ನು ಹಾಳೆಯಲ್ಲಿ ನೋಡಿದಾಗ 'ಸವ್ರ' ಅಂತ ಓದಲು ನಾಲಿಗೆಯೇ ಒಪ್ಪುವುದಿಲ್ಲ. ಅರ್ಕಾವೊತ್ತಿನ ನಿಯಮವನ್ನು ನಾನು ಇಬ್ಬರಿಗೂ ವಿವರಿಸಲೇ ಇಲ್ಲ. ತ್ರಿಪದಿಯೇ ಕಲಿಸಿತು.

ಒಂದು ಎಚ್ಚರಿಕೆ. ಸರ್ವಜ್ಞನ ಹೆಸರಿನಲ್ಲಿರುವ ಎಲ್ಲ ತ್ರಿಪದಿಗಳೂ ಮಕ್ಕಳಿಗಲ್ಲ. ಹೆಣ್ಣಿನ ಬಗ್ಗೆ, ಜಾತಿಗಳ ಬಗ್ಗೆ ಒರಟಾಗಿ ಆಡಿದವೂ ಇವೆ. ಪುಸ್ತಕ ಕೈಗೆ ಕೊಟ್ಟು ಸುಮ್ಮನಾಗಬೇಡಿ. ನೀವು ಓದಿ ಆರಿಸಿ.

ಪದ್ಯದಿಂದ ಗದ್ಯಕ್ಕೆ ದಾಟಲು ವಚನ

ಹಾಡು ಬಂತು, ತ್ರಿಪದಿ ಬಂತು. ಈಗ ರಾಗದ ಆಸರೆ ಇಲ್ಲದೆ ಓದಬೇಕು. ಇಲ್ಲಿಗೆ 12ನೇ ಶತಮಾನದ ವಚನಗಳಷ್ಟು ಒಪ್ಪುವುದು ಬೇರೆ ಇಲ್ಲ. ಪದ್ಯದ ಕಟ್ಟು ಇಲ್ಲ, ಆದರೆ ಲಯ ಇದೆ. ವಾಕ್ಯಗಳು ಚಿಕ್ಕವು, ಮಾತು ನೇರ.

ಬಸವಣ್ಣನವರ 'ಕಳಬೇಡ, ಕೊಲಬೇಡ' ಎಲ್ಲರಿಗೂ ಗೊತ್ತಿರುವ ವಚನ. ಅದರ ಏರಿಕೆಯನ್ನು ಗಮನಿಸಿ. ಮೊದಲ ಎರಡು ಪದಗಳಲ್ಲಿ ಒತ್ತಕ್ಷರವೇ ಇಲ್ಲ. 'ಹುಸಿಯ ನುಡಿಯಲು ಬೇಡ', 'ಮುನಿಯಬೇಡ' ಇಲ್ಲೂ ಇಲ್ಲ. 'ಅನ್ಯರಿಗೆ ಅಸಹ್ಯಪಡಬೇಡ' ಅನ್ನುವಲ್ಲಿ ಯ ಒತ್ತು ಎರಡು ಸಲ ಬರುತ್ತದೆ. 'ತನ್ನ ಬಣ್ಣಿಸಬೇಡ'ದಲ್ಲಿ ನ್ನ ಮತ್ತು ಣ್ಣಿ. ಒಟ್ಟು ಏಳು 'ಬೇಡ'ಗಳು. ಪ್ರತಿ ಹೊಸ ತೊಡಕಿನ ಹಿಂದೆಯೇ ಗೊತ್ತಿರುವ ಪದ ಕಾದಿರುತ್ತದೆ. ಮಗು ಎಡವಿದರೂ ಎದ್ದು ನಿಲ್ಲುತ್ತದೆ.

ಈ ವಚನವನ್ನು ಒಂದೊಂದು ತುಂಡು ಒಂದೊಂದು ಚೀಟಿಗೆ ಬರುವಂತೆ ಬರೆದು ಕತ್ತರಿಸಿ. ಚೀಟಿಗಳನ್ನು ಕಲೆಸಿ ನೆಲದ ಮೇಲೆ ಹರಡಿ, ಸರಿಯಾದ ಕ್ರಮಕ್ಕೆ ಜೋಡಿಸಲು ಹೇಳಿ. ಕೂತಲ್ಲಿ ಕೂರದ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಓದದೆ ಜೋಡಿಸಲು ಆಗುವುದೇ ಇಲ್ಲ, ಆದರೆ ಓದಿಸುತ್ತಿದ್ದಾರೆ ಅಂತ ಅವರಿಗೆ ಅನ್ನಿಸುವುದಿಲ್ಲ.

ತಡವರಿಸಿದಾಗ

ಮಗು ಒಂದು ಪದದ ಮುಂದೆ ನಿಂತರೆ ಐದಾರು ಎಣಿಸುವಷ್ಟು ಹೊತ್ತು ಕಾಯಿರಿ. ಆಮೇಲೆ ಪದ ಹೇಳಿಬಿಡಿ. 'ಅಕ್ಷರ ಕೂಡಿಸಿ ಓದು' ಅಂತ ಗದರಿದರೆ ಕತೆ ಕೈತಪ್ಪುತ್ತದೆ. ಕತೆ ಕೈತಪ್ಪಿದರೆ ಓದಬೇಕು ಅನ್ನುವ ಆಸೆಯೂ ಹೋಗುತ್ತದೆ.

ಉದ್ದ ಪದಗಳದ್ದು ಬೇರೆ ಕತೆ. ಅಲ್ಲಿ ತೊಡಕು ಅಕ್ಷರದ್ದಲ್ಲ, ಸಂಧಿಯದು. 'ನಿಮ್ಮವನೆಂದು' ಅನ್ನುವುದರ ಮೇಲೆ ಪೆನ್ಸಿಲಿನಲ್ಲಿ ತೆಳುವಾಗಿ ಒಂದು ಗೀಟು ಎಳೆಯಿರಿ: ನಿಮ್ಮವನ್ | ಎಂದು. ಹಾಗೇ ಕಾಳಿಂಗನ್ | ಎಂಬ. ವ್ಯಾಕರಣದ ಹೆಸರು ಬೇಡ. 'ಎರಡು ಪದ ಕೈ ಹಿಡಿದುಕೊಂಡಿವೆ, ಎಲ್ಲಿ ಬಿಡಿಸೋಣ?' ಅಂದರೆ ಸಾಕು. ಸ್ವಲ್ಪ ದಿನದಲ್ಲಿ ಗೀಟು ಎಳೆಯುವ ಕೆಲಸ ಮಗುವಿಗೇ ಕೊಡಿ. ಎಲ್ಲಿ ಬಿಡಿಸಿದರು ಅನ್ನುವುದರ ಮೇಲೆ ಅರ್ಥ ಹಿಡಿದರೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಹ ಬದಲು ಅ ಅಂದರೆ, ಮಹಾಪ್ರಾಣ ಸಡಿಲವಾದರೆ ಓದುವಾಗಲೇ ತಿದ್ದಬೇಡಿ. ಮಾರನೇ ದಿನ ನೀವು ಓದುವಾಗ ಆ ಪದವನ್ನು ಸ್ಪಷ್ಟವಾಗಿ ಹೇಳಿ, ಅಷ್ಟೇ.

ಬರವಣಿಗೆ ದಿನಕ್ಕೆ ಎರಡು ಸಾಲು, ಓದಿದ ಪದ್ಯದಿಂದಲೇ ನೋಡಿ ಬರೆಯುವುದು. ವಾರಕ್ಕೊಂದು ಸಲ ಅದೇ ಸಾಲುಗಳ ಉಕ್ತಲೇಖನ.

ಕುಮಾರವ್ಯಾಸ ಮಕ್ಕಳಿಗೆ ಜಾಸ್ತಿ ಆಗಲ್ವಾ?

ಎಲ್ಲರೂ ಕೇಳುವುದು ಇದನ್ನೇ. ಇಡೀ ಭಾರತ ಕೊಟ್ಟರೆ ಖಂಡಿತ ಜಾಸ್ತಿ. ಹತ್ತು ಪರ್ವಗಳ ಕಾವ್ಯ ಅದು. ಆದರೆ ನಮ್ಮಲ್ಲಿ ಇದಕ್ಕೊಂದು ದಾರಿ ಮೊದಲಿನಿಂದಲೂ ಇದೆ: ಗಮಕ. ಒಬ್ಬರು ರಾಗವಾಗಿ ಪದ್ಯ ಓದುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಓದುಬರಹ ಬಾರದವರೂ ಭಾರತವನ್ನು ಪೂರ್ತಿ ತಿಳಿದದ್ದು ಹೀಗೇ. ಮನೆಯಲ್ಲೂ ಅದನ್ನೇ ಮಾಡಿ. ಕತೆಯನ್ನು ಇವತ್ತಿನ ಕನ್ನಡದಲ್ಲಿ ಹೇಳಿ, ಆಯ್ದ ಪದ್ಯಗಳನ್ನು ಮಾತ್ರ ಮೂಲದಲ್ಲಿ ಓದಿ. ಪದ್ಯವನ್ನು ಸುಲಭ ಮಾಡಿ ತಿರುಗಿಸಿ ಬರೆಯಬೇಡಿ. ಕಡಿಮೆ ಓದಿಸಿ, ಆದರೆ ಓದಿಸಿದ್ದು ಕವಿಯ ಮಾತೇ ಆಗಿರಲಿ. ಈ ವಿಷಯದಲ್ಲಿ ನಾನು ಹಟಮಾರಿ.

ಶುರು ಮಾಡಲು ವಿರಾಟಪರ್ವದ ಉತ್ತರಕುಮಾರ. ಹೆಂಗಸರ ಮುಂದೆ ಅವನು ಕೊಚ್ಚಿಕೊಳ್ಳುವುದು, ಬೃಹನ್ನಳೆಯನ್ನು ಸಾರಥಿ ಮಾಡಿಕೊಂಡು ಹೊರಡುವುದು, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಧುಮುಕಿ ಓಡುವುದು. ನನ್ನ ಮಗ ಈ ಭಾಗಕ್ಕಾಗಿಯೇ ಭಾಮಿನಿ ಷಟ್ಪದಿ, ಅಂದರೆ ಈ ಕಾವ್ಯದ ಆರು ಸಾಲಿನ ಪದ್ಯದ ಕಟ್ಟು, ಕಲಿತ.

ಲಯ ಕಲಿಸಲು ಮಾತ್ರ ಕಾವ್ಯದ ಮೊದಲ ಪದ್ಯಕ್ಕೆ ಹೋಗಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ

ಚಪ್ಪಾಳೆ ತಟ್ಟಿ. ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಒಟ್ಟು 14. ಎರಡನೇ ಸಾಲೂ ಹಾಗೇ: ಜೀವ, ಪೀಠನ, ಪಿತನೆ, ಜಗಕತಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಬರೆಯುವಾಗ ದೀರ್ಘ ಬಿಡುವ ಮಕ್ಕಳಿಗೆ ಈ ಚಪ್ಪಾಳೆ ದೊಡ್ಡ ಮದ್ದು. ದೀರ್ಘ ತಪ್ಪಿದರೆ ತಾಳ ತಪ್ಪುತ್ತದೆ, ಕೈಗೇ ಗೊತ್ತಾಗುತ್ತದೆ.

ಇಲ್ಲೇ ಇನ್ನೊಂದು ತೊಡಕನ್ನೂ ನೋಡಿ. 'ರಾಜೀವ' ಅನ್ನುವ ಒಂದೇ ಪದ ಎರಡು ಸಾಲಿಗೆ ಒಡೆದಿದೆ. ಷಟ್ಪದಿಯಲ್ಲಿ ಇದು ಸಾಮಾನ್ಯ. ಪ್ರಾಸದ ಅಕ್ಷರ ಎರಡನೇ ಜಾಗಕ್ಕೆ ಬರಬೇಕಾದರೆ ಪದ ಒಡೆಯಬೇಕಾಗುತ್ತದೆ. ಮಗುವಿಗೆ ಮೊದಲೇ ತಿಳಿಸಿ: ಸಾಲು ಮುಗಿದರೂ ಪದ ಮುಗಿದಿಲ್ಲದೆ ಇರಬಹುದು. ಒಡೆದ ಪದಗಳನ್ನು ಬಾಗಿದ ಗೆರೆಯಿಂದ ಕೂಡಿಸಲಿ. ಪದವಿಭಾಗ ಮತ್ತು ಗದ್ಯಾನುವಾದ ಇರುವ ಆವೃತ್ತಿ ಸಿಕ್ಕರೆ ನಿಮಗೂ ಧೈರ್ಯ. ಗಮಕದ ಧ್ವನಿಮುದ್ರಣಗಳು ಜಾಲದಲ್ಲಿ ಸಿಗುತ್ತವೆ. ಹಿಂದಿನ ದಿನ ಕೇಳಿಸಿ, ಮರುದಿನ ಓದಿಸಿ.

ಷಟ್ಪದಿ ಕೈಗೆ ಹತ್ತಿದ ಮೇಲೆ ಕನಕದಾಸರ ರಾಮಧಾನ್ಯಚರಿತೆ. ಭತ್ತಕ್ಕೂ ರಾಗಿಗೂ ಜಗಳ. ಯಾರು ದೊಡ್ಡವರು ಅಂತ ತೀರ್ಮಾನಿಸಲು ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕ ತಮ್ಮ ಇಬ್ಬರು ಇದ್ದರೆ ಕೇಳುವುದೇ ಬೇಡ, ಒಬ್ಬರು ಭತ್ತ, ಒಬ್ಬರು ರಾಗಿ.

ನೀತಿ ಕೇಳಬೇಡಿ, ವ್ಯಾಖ್ಯಾನ ಕೇಳಿ

ಓದಿ ಮುಗಿದ ಕೂಡಲೇ 'ಇದರಿಂದ ಏನು ಕಲಿತೆ?' ಅಂತ ಕೇಳುವ ಚಟ ನಮಗೆಲ್ಲ ಇದೆ. ದಯವಿಟ್ಟು ಬಿಡಿ. ಮಕ್ಕಳು ನಿಮಗೆ ಬೇಕಾದ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತಾರೆ. ಅದರ ಬದಲು ಗಮಕದ ಪಾತ್ರ ಅದಲುಬದಲು ಮಾಡಿ. ನೀವು ಪದ್ಯ ಓದಿ, ಮಗು ವ್ಯಾಖ್ಯಾನ ಹೇಳಲಿ. ತನ್ನದೇ ಮಾತಿನಲ್ಲಿ, ಮನೆಯ ಕನ್ನಡದಲ್ಲಿ. ಎಷ್ಟು ಅರ್ಥವಾಗಿದೆ ಅಂತ ಯಾವ ಪರೀಕ್ಷೆಯೂ ಇಷ್ಟು ಚೆನ್ನಾಗಿ ತೋರಿಸುವುದಿಲ್ಲ. ಬಿಟ್ಟದ್ದು ಗೊತ್ತಾಗುತ್ತದೆ, ಸೇರಿಸಿದ್ದೂ ಗೊತ್ತಾಗುತ್ತದೆ.

ಗೋವಿನ ಹಾಡಿನ ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಮಗನಿಗೆ ಅದು ಸರಿಬರಲಿಲ್ಲ. ಹಸುವನ್ನು ಬಿಟ್ಟುಕೊಟ್ಟರೆ ಸಾಕಿತ್ತಲ್ಲ, ತಾನೇಕೆ ಸಾಯಬೇಕು ಅಂತ ವಾದ ಮಾಡಿದ. ಮಗಳು ಹುಲಿಯ ಪರವಾಗಿ ಬೇರೆಯೇ ಉತ್ತರ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ತನ್ನ ಮಾತಿಗೆ ಆಧಾರ ಬೇಕು ಅಂತ ಅವನು ತಾನಾಗಿಯೇ ಹಾಳೆ ತೆಗೆದು, ಆ ಪದ್ಯ ಹುಡುಕಿ, ಒಬ್ಬನೇ ಓದಿದ. ಇಂಥ ಜಗಳಗಳಿಗೆ ಜಾಗ ಕೊಡಿ.

ಮುಂದೆ ಹಳಗನ್ನಡ

ಪಂಜೆ ಮಂಗೇಶರಾಯರ ಪದ್ಯಗಳನ್ನೂ ಮಕ್ಕಳ ಕತೆಗಳನ್ನೂ ನಡುನಡುವೆ ಇಟ್ಟುಕೊಳ್ಳಿ. ಒಬ್ಬರೇ ಕೂತು ಓದಿಕೊಳ್ಳಲು ಅವು ಚೆನ್ನ. ಹತ್ತು ಹನ್ನೊಂದು ವಯಸ್ಸು ದಾಟಿದ ಮೇಲೆ, ಓದು ಹದಕ್ಕೆ ಬಂದಿದೆ ಅನ್ನಿಸಿದರೆ, ಹಳಗನ್ನಡದ ಕಡೆ ಹೆಜ್ಜೆ ಇಡಬಹುದು.

ಬೀಗದ ಕೈಗಳು ಎರಡು. ಒಂದು, ಹಳಗನ್ನಡದ ಪಕಾರ ಎಷ್ಟೋ ಕಡೆ ಈಗ ಹಕಾರ ಆಗಿದೆ. ಪುಲಿ ಹುಲಿ, ಪಾಲ್ ಹಾಲು, ಪೂ ಹೂ. ಗೋವಿನ ಹಾಡಿನ ಮೊದಲ ಪದ್ಯದ 'ಪೇಳ್ವೆನು' ಮಗುವಿಗೆ ಆಗಲೇ ಗೊತ್ತಿದೆ. ಇಂಥ ಜೋಡಿಗಳನ್ನು ಹಿಡಿದು ಬರೆದಿಡಲು ಒಂದು ಪುಟ್ಟ ಪುಸ್ತಕ ಕೊಡಿ. ಎರಡು, ವಿಭಕ್ತಿ ಪ್ರತ್ಯಯ: 'ಅಂ' ಅಂದರೆ ಅನ್ನು, 'ಒಳ್' ಅಂದರೆ ಅಲ್ಲಿ.

ಇವೆರಡೂ ಒಟ್ಟಿಗೆ ಅಭ್ಯಾಸವಾಗಲು ಮುದ್ದಣನ ಶ್ರೀರಾಮಾಶ್ವಮೇಧದಲ್ಲಿ ಬರುವ ಮುದ್ದಣ ಮನೋರಮೆಯರ ಸಲ್ಲಾಪ ಓದಿಸಿ. ಮುದ್ದಣ, ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, ಬದುಕಿದ್ದು 1870ರಿಂದ 1901ರವರೆಗೆ, ಆದರೆ ಬರೆದದ್ದು ಹಳಗನ್ನಡದ ಧಾಟಿಯಲ್ಲಿ. ಗಂಡ ಕತೆ ಹೇಳುತ್ತಾನೆ, ಹೆಂಡತಿ ಅಡ್ಡ ಬಾಯಿ ಹಾಕುತ್ತಾಳೆ. ಸಂಸ್ಕೃತ ಜಾಸ್ತಿಯಾದಾಗ 'ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು' ಅನ್ನುತ್ತಾಳೆ. ಒಂದೇ ಮಾತಿನಲ್ಲಿ 'ಒಳ್' ಕೂಡ ಬಂತು, 'ಅಂ' ಕೂಡ ಬಂತು, ನಗುವೂ ಬಂತು. ಇಬ್ಬರು ಎದುರುಬದುರು ಕೂತು ಓದಬೇಕಾದ ಗದ್ಯ ಇದು.

ಅದಾದ ಮೇಲೆ ಪಂಪ. 10ನೇ ಶತಮಾನದ ಕವಿಯನ್ನು ಹನ್ನೆರಡು ಹದಿಮೂರರ ಮಕ್ಕಳು ಓದಬಹುದು, ವಾರಕ್ಕೆ ಒಂದೇ ಪದ್ಯ ಅಂತ ಇಟ್ಟುಕೊಂಡರೆ. ವಿಕ್ರಮಾರ್ಜುನ ವಿಜಯದ 'ನೆನೆಯದಿರಣ್ಣ ಭಾರತದೊಳ್' ಪದ್ಯದಿಂದ ಶುರು ಮಾಡಿ. ಕರ್ಣನ ಕತೆ ಅಷ್ಟು ಹೊತ್ತಿಗೆ ಗೊತ್ತಿರುತ್ತದೆ. 'ನೆನೆಯದಿರ್ | ಅಣ್ಣ' ಅಂತ ಬಿಡಿಸುವುದೂ ಗೊತ್ತಿರುತ್ತದೆ, 'ಒಳ್' ಕೂಡ. ಹೊಸದು ಅಂದರೆ 'ಪೆಱರ್' ಪದದಲ್ಲಿ ಬರುವ ಱ. ಈಗ ಬಳಕೆ ತಪ್ಪಿದ ಈ ಅಕ್ಷರವನ್ನೂ, ಅದರ ಜೊತೆಗಾರ ೞ ಅನ್ನೂ ಆ ದಿನವೇ ತೋರಿಸಿಬಿಡಿ. ಪೆಱರ್ ಅಂದರೆ ಬೇರೆಯವರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಕೈಗೆಟಕುವಂತೆ ಇರಲಿ, ಹುಡುಕುವ ಕೆಲಸ ಮಗುವಿನದೇ ಆಗಲಿ. ಪದ್ಯ ಪೂರ್ತಿ ಅರ್ಥವಾಗದಿದ್ದರೆ ಮುಂದಿನ ವಾರವೂ ಅದನ್ನೇ ಓದಿ.